ಚೈನ್ ಜಾರಿತು ಅಂದವನ ಕರಡುಗಳು

೧

ಈ ಕಥೆಯನ್ನು ಕಾರಿನಿಂದ ಶುರು ಮಾಡಲೋ, ಸುಳ್ಳಿನಿಂದಲೋ? ಕಾರಿನಿಂದ ಮಾಡಿದರೆ ಓದುವ ನಿಮಗೆ ಖುಷಿ, ನನಗೂ ಒಂದೆರಡು ಪ್ಯಾರಾ ಮರ್ಯಾದೆ ಉಳಿಯುತ್ತದೆ. ಹಾಗಾಗಿ ಕಾರು.

ಕಡೂರಿನ ನಮ್ಮ ಮನೆಯ ಶೆಡ್ಡಿನಲ್ಲಿ ಒಂದು ಕೆಂಪು ಸ್ಪೋರ್ಟ್ಸ್ ಕಾರಿದೆ. ಎರಡೇ ಸೀಟು, ತಗಡಿನ ಬದಲು ಬಟ್ಟೆಯ ಟಾಪು, ಅರವತ್ತು ವರ್ಷ ಹಳೆಯ ಇಂಗ್ಲೆಂಡಿನ ಮಾಲು. ಚಿಕ್ಕಮಗಳೂರು ಕಡೆಯ ಎಸ್ಟೇಟೊಂದರಲ್ಲಿ ಅದರೊಳಗೆ ಕೋಳಿ ಕಾವಿಗೆ ಕೂರುತ್ತಿತ್ತು. ಅದನ್ನು ಕೊಂಡು ತಂದವನು ನಾನು. ನಾನೆಂದರೆ ದತ್ತಾತ್ರಿ, ತರೀಕೆರೆ ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಕೂರುವ ಪತ್ರ ಬರಹಗಾರ. ನಾನು ಬರೆದ ಪತ್ರಕ್ಕೆ ಜನ ಓದದೇ ಸಹಿ ಹಾಕುತ್ತಾರೆ. (ಜಂಬವಲ್ಲ. ಈ ನಂಬಿಕೆಯೇ ಇನ್ನೊಬ್ಬನ ಕುತ್ತಿಗೆಗೆ ಬಂತು.)

೨. ಮೊದಲ ಕರಡು (ಬಿಸಾಕಿದ್ದು)

'ಮಂಜು ಮುಸುಕಿದ ಮುಂಜಾನೆಯಲ್ಲಿ, ಹಳೆಯ ಯಂತ್ರದ ಹೃದಯವನ್ನು ಹೊರತೆಗೆಯುವ ಪವಿತ್ರ ಕಾರ್ಯ...'

ಕಡೂರಿನಲ್ಲಿ ಎಲ್ಲಿಯ ಮಂಜು? ಬೆಳಗ್ಗೆ ಹತ್ತೂವರೆ, ತಲೆ ಸುಡುವ ಬಿಸಿಲು. ನನ್ನ ಹೆಂಡತಿ ಶ್ರೀವಾಣಿ ಇಷ್ಟು ಓದಿ ಹಾಳೆಯನ್ನು ವಾಪಸ್ಸು ಕೊಟ್ಟಳು.

"ಹೃದಯ ಗಿದಯ ಎಲ್ಲಾ ಬೇಡ ಕಣ್ರೀ. ಆವತ್ತು ಅಂಗಳಕ್ಕೆ ಚೆಲ್ಲಿದ್ದ ಆಯಿಲ್ ತೊಳ್ದೋಳು ನಾನು. ನಡೆದಿದ್ದು ಬರೀರಿ."

೩

ನಡೆದದ್ದು ಇದು.

ರಿಪೇರಿಗೆಂದು ಕಾರಿನ ಇಂಜಿನ್ನನ್ನು ಮನೆಯಲ್ಲೇ ಎತ್ತಿ ಹೊರತೆಗೆಯುವುದೆಂದು ತೀರ್ಮಾನಿಸಿದೆ. ನಮ್ಮ ಕಡೆ ಭಾರ ಎತ್ತಬೇಕೆಂದರೆ ಬೋರ್‌ವೆಲ್ ಮೋಟಾರ್ ಎತ್ತುವವರನ್ನು ಕರೆಯುತ್ತಾರೆ. ಮೂರು ಕಬ್ಬಿಣದ ಪೈಪನ್ನು ಮುಕ್ಕಾಲಿಯಂತೆ ನಿಲ್ಲಿಸಿ, ಚೈನ್ ಪುಲ್ಲಿ ಕಟ್ಟಿ, ಐನೂರು ಅಡಿ ಆಳದಿಂದ ಮೋಟಾರ್ ಎತ್ತುವ ಜನ. ಹಿರೇನಲ್ಲೂರಿನ ಓಂಕಾರಮೂರ್ತಿ ಇಪ್ಪತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದ. ಈ ಕಸುಬಿನಲ್ಲಿ ಚೈನ್ ಜಾರಿದರೆ ಮೋಟಾರ್ ಪೈಪು ಎಲ್ಲ ಗುಂಡಿಯ ತಳ ಸೇರುತ್ತದೆ, ಬೋರು ಸತ್ತಂತೆ. ಆದ್ದರಿಂದ ಚೈನ್ ಜಾರಿಸಿದವನನ್ನು ಯಾರೂ ಎರಡನೇ ಸಲ ಕರೆಯುವುದಿಲ್ಲ.

ಕಾರನ್ನು ಶೆಡ್ಡಿನಿಂದ ಅಂಗಳಕ್ಕೆ ತಳ್ಳಿದೆವು. ಬಿಚ್ಚುವ ಕೆಲಸ ನನ್ನದು, ಎತ್ತುವುದು ಅವನದು. ಯೂಟ್ಯೂಬ್ ನೋಡಿ ಹತ್ತೊಂಬತ್ತು ಸಾಲಿನ ಲಿಸ್ಟ್ ಮಾಡಿದ್ದೆ. ರೇಡಿಯೇಟರ್, ವೈರು, ಸೈಲೆನ್ಸರ್ ಪೈಪು, ಒಂದೊಂದಕ್ಕೂ ಟಿಕ್ಕು. ಹದಿನಾಲ್ಕನೇ ಸಾಲು, ಇಂಜಿನ್ನಿನ ಹಿಂದಿನ ಗೇರ್‌ಬಾಕ್ಸನ್ನು ಕಾರಿಗೆ ಬಿಗಿದಿರುವ ಅಡಿಯ ಬೋಲ್ಟು. ಅದಕ್ಕೆ ಕಾರಿನ ಕೆಳಗೆ ಅಂಗಾತ ಮಲಗಬೇಕು. ಬೀದಿಯ ಎಂಟು ಜನ ನೋಡುತ್ತ ನಿಂತಿದ್ದರು. ನನ್ನ ಹೊಟ್ಟೆ, ಆನ್‌ಲೈನಿನಲ್ಲಿ ತರಿಸಿದ ಹೊಸ ಮೆಕ್ಯಾನಿಕ್ ಡ್ರೆಸ್ಸು, ಅವರ ನಗು, ಎಲ್ಲ ಕಣ್ಣ ಮುಂದೆ ಬಂತು. ಮಂಡಿಯೂರಿ ಕೈ ಹಾಕಿ ತಡಕಿದೆ. ಏನೋ ಸಡಿಲವಾಗಿದ್ದಂತೆ ಅನ್ನಿಸಿತು. ಟಿಕ್ಕು ಹಾಕಿದೆ.

ಓಂಕಾರಮೂರ್ತಿ ನಾಲ್ಕು ಎಳೆತ ಎಳೆದು ನಿಲ್ಲಿಸಿದ.

"ಏನೋ ಹಿಡ್ಕಂಡೈತೆ ಕಣ್ರೀ ದತ್ತಣ್ಣ. ಒಂದ್ಸಲ ಅಡಿಗೆ ನೋಡ್ಬಿಡಿ."

"ಎಲ್ಲಾ ಬಿಚ್ಚಿದೀನಿ ಕಣಯ್ಯಾ, ಲಿಸ್ಟ್ ಇದೆ. ಎಳಿ ನೀನು."

ಎಳೆದ. ಹಿಂದುಗಡೆ ಟಪ್ಪೆಂದು ಏನೋ ಕಿತ್ತುಬಂತು. ಇಂಜಿನ್ ಒಮ್ಮೆಲೇ ಮೂತಿ ಕೆಳಗೆ ಮಾಡಿ, ಚೈನಿನ ಸುತ್ತಿನಿಂದ ನುಣುಚಿ ಕಾರಿನ ಮುಂದೆ ದಢಾರೆಂದು ಅಂಗಳಕ್ಕೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. (ಆಗಿದ್ದರೆ ಆಸ್ಪತ್ರೆಗೆ ಓಡಾಡಿ ಒಳ್ಳೆಯವನಾಗಬಹುದಿತ್ತು. ಇಂಥದ್ದನ್ನೂ ಯೋಚಿಸುತ್ತೇನೆ, ನೋಡಿ.)

ಏನಾಯ್ತು, ಏನಾಯ್ತು ಎಂದು ಎಂಟೂ ಜನ ನನ್ನನ್ನೇ ಕೇಳಿದರು.

"ಚೈನ್ ಜಾರ್ತು" ಅಂದೆ.

ಪತ್ರ ಬರಹಗಾರನ ಮಾತು. ಅಕ್ಷರಶಃ ಸುಳ್ಳಲ್ಲ, ಚೈನ್ ಜಾರಿದ್ದು ನಿಜವೇ. ಯಾಕೆ ಜಾರಿತು ಅನ್ನುವುದನ್ನು ಮಾತ್ರ ಬಿಟ್ಟೆ. ಓಂಕಾರಮೂರ್ತಿ ವಾದಿಸಲಿಲ್ಲ. ಆಯಿಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಚೈನಿನ ಒಂದೊಂದೇ ಕೊಂಡಿಯನ್ನು ಬೆರಳಲ್ಲಿ ತಿರುಗಿಸಿ ನೋಡಿದ. "ನಾನೇ ಚೈನ್ ಸರಿಯಾಗಿ ಸುತ್ನಿಲ್ವೇನೋ ಕಣಣ್ಣ" ಅಂದ.

ಸಂಜೆ ಎಲ್ಲರೂ ಹೋದಮೇಲೆ ಹೊಟ್ಟೆ ಸಮೇತ ಕಾರಿನ ಕೆಳಗೆ ಮಲಗಿದೆ. ಬೋಲ್ಟು ಬಿಚ್ಚದೆ ಇದ್ದಲ್ಲೇ ಇತ್ತು, ಗೇರ್‌ಬಾಕ್ಸಿನಿಂದ ಮುರಿದ ಕಬ್ಬಿಣದ ತುಂಡನ್ನು ಕಚ್ಚಿಕೊಂಡು.

೪

ವಾರದೊಳಗೆ ಸುದ್ದಿ ಅಜ್ಜಂಪುರದವರೆಗೆ ಹೋಯಿತು. ದತ್ತಾತ್ರಿಯವರೇ ಹೇಳಿದರಂತೆ ಎಂಬ ಬಾಲದೊಂದಿಗೆ. ಓಂಕಾರಮೂರ್ತಿ ಹೊಸ ಚೈನ್ ತಂದ. ಆದರೂ ಯಾರೂ ಕರೆಯಲಿಲ್ಲ. ನಾಲ್ಕು ತಿಂಗಳಾಯಿತು. ಈಗ ಸಖರಾಯಪಟ್ಟಣದಲ್ಲಿ ಲಾರಿಗೆ ತೆಂಗಿನಕಾಯಿ ಹೇರುತ್ತಾನೆ. ಬಸ್ಸಿನ ಕಿಟಕಿಯಿಂದ ಒಂದು ಸಲ ಕಂಡ. ನಾನು ಚಪ್ಪಲಿ ಸರಿ ಮಾಡಿಕೊಳ್ಳುವವನಂತೆ ಬಗ್ಗಿದೆ.

೫. ಅಂತ್ಯಗಳು

ಅಂತ್ಯ ಒಂದು: ಅವನ ಮನೆಗೆ ಹೋಗಿ ಎಲ್ಲ ಹೇಳುತ್ತೇನೆ. ಅವನು ನನ್ನನ್ನು ತಬ್ಬಿಕೊಳ್ಳುತ್ತಾನೆ.

"ನಾನ್ಯಾಕೆ ತಬ್ಕಳ್ಳಿ?" ಕಥೆಯೊಳಗಿನ ಓಂಕಾರಮೂರ್ತಿ ಕೇಳಿದ. "ನಿಮ್ ಎದೆ ಹಗುರಾಗ್ಲಿ ಅಂತಾನಾ?"

ಅಂತ್ಯ ಎರಡು: ಹೇಳುತ್ತೇನೆ, ಅವನು ಕಪಾಳಕ್ಕೆ ಬಾರಿಸುತ್ತಾನೆ.

"ಒಂದೇಟು ತಿಂದು ಕೈ ತೊಳ್ಕಳ್ಳಾಣ ಅಂತಾನಾ? ಹೊಡಿಯಲ್ಲ, ಹೋಗಿ."

"ಮತ್ತೇನಯ್ಯಾ ಬರೀಲಿ?"

"ಅದಿರ್ಲಿ ದತ್ತಣ್ಣ. ನನ್ ಬಾಯಲ್ಲಿ ಇಷ್ಟೆಲ್ಲಾ ಆಡಿಸ್ತಿದೀರಲ್ಲ, ಬೋಲ್ಟಿನ ವಿಷ್ಯ ನಂಗೆ ಯಾರು ಹೇಳಿದ್ರು?"

ಯಾರೂ ಹೇಳಿಲ್ಲ. ಈ ಹಾಳೆಯ ಓಂಕಾರಮೂರ್ತಿಗೆ ಎಲ್ಲ ಗೊತ್ತು. ಹಿರೇನಲ್ಲೂರಿನ ಓಂಕಾರಮೂರ್ತಿಗೆ ಗೊತ್ತಿಲ್ಲ. ತನ್ನ ಕೈಯೇ ತಪ್ಪಿತು ಎಂದು ಅವನು ಇವತ್ತಿಗೂ ನಂಬಿದ್ದಾನೆ.

೬ (ಇದು ಕರಡಲ್ಲ)

ಮೇಲಿನ ಸಾಲು ಬರೆಯುವಾಗಲೇ ಫೋನ್ ಬಂತು. ಅಜ್ಜಂಪುರದ ಬಸವರಾಜಪ್ಪನವರು, ಅವರ ಜಮೀನಿನ ಪತ್ರ ಬರೆದವನು ನಾನೇ.

"ಸಾರ್, ಬೋರಿನ ಮೋಟ್ರು ಸುಟ್ಟೋಗೈತೆ. ಓಂಕಾರಮೂರ್ತಿನ ಕರೆಸಾಣ ಅಂತ. ಅವನ ಚೈನ್ ಜಾರ್ತದೆ ಅಂತಾರಪ್ಪ. ನಿಮ್ಮನೇಲೇ ಅಲ್ವಾ ಆಗಿದ್ದು? ನೀವು ಹೂಂ ಅಂದ್ರೆ ಕರೆಸ್ತೀನಿ."

ತಪ್ಪು ನಂದು, ಅವನದಲ್ಲ. ಇಷ್ಟೇ ಹೇಳಬೇಕಿತ್ತು. ನಾಲಿಗೆಯ ತುದಿಯವರೆಗೂ ಬಂತು. ಜೊತೆಗೆ, ಪತ್ರ ಬರಹಗಾರರು ಸುಳ್ಳು ಹೇಳಿದ್ರಂತೆ ಅನ್ನುವ ಮಾತು ಕಚೇರಿ ಎದುರು ಓಡಾಡುವುದೂ ಆಗಲೇ ಕಿವಿಗೆ ಬಿದ್ದಂತಾಯಿತು.

"ನೋಡಿ ಬಸವರಾಜಪ್ಪನವರೇ, ಬೋರು ನಿಮ್ಮದು. ನಾನು ಹೇಗೆ ಹೇಳಲಿ?" ಅಂದೆ.

"ಗೊತ್ತಾಯ್ತು ಬಿಡಿ ಸಾರ್" ಎಂದು ಫೋನ್ ಇಟ್ಟುಬಿಟ್ಟರು.

೭

ನಾಚಿಕೆಯಾಗುತ್ತಿದೆ. ಇದಕ್ಕೆ ಬೇರೆ ಪದ ಹುಡುಕುವುದಿಲ್ಲ.

ಮೂರನೇ ಅಂತ್ಯವೊಂದು ಇದೆ, ನಾನು ತಿರುಗಿ ಫೋನ್ ಮಾಡುವುದು. ಅದನ್ನು ಬರೆಯುವುದಿಲ್ಲ. ಬರೆದರೆ ಮಾಡಿದಷ್ಟೇ ಸಮಾಧಾನವಾಗಿ, ಎದ್ದು ಊಟಕ್ಕೆ ಹೋಗಿಬಿಡುತ್ತೇನೆ. ನನ್ನನ್ನು ನಾನು ಬಲ್ಲೆ.

ಆದರೆ ನಿಮಗೆ ಎಲ್ಲ ಹೇಳಿದೆ, ಹದಿನಾಲ್ಕನೇ ಸಾಲನ್ನೂ ಬಿಡದೆ. ಎಲ್ಲೂ ಮಾತು ತಡೆಯಲಿಲ್ಲ. ಎಷ್ಟು ಪ್ರಾಮಾಣಿಕ ಮನುಷ್ಯ ಎಂದು ನಿಮಗೆ ಅನ್ನಿಸಿಯೂ ಇರಬಹುದು. ಹಾಗೆ ಅಂದುಕೊಳ್ಳಬೇಡಿ. ನಿಮಗೆ ಹೇಳಿದ್ದು ನೀವು ಓಂಕಾರಮೂರ್ತಿಯನ್ನು ಕೆಲಸಕ್ಕೆ ಕರೆಯುವವರಲ್ಲ ಎಂಬ ಧೈರ್ಯದಿಂದ.