ಮರಗಟ್ಟಿದ ಕತ್ತು

"ಲೇ ಗೂಳಿ, ಹೊಸ ಮದುಮಗಳ ಥರ ತಲೆ ತಗ್ಗಿಸ್ಕೊಂಡು ನಿಂತ್ರೆ ಐಸು ತಾನೇ ನಡ್ಕೊಂಡು ಹೋಗಿ ಲಾರಿ ಹತ್ತುತ್ತೇನೋ ಬೋಳಿಮಗನೇ?"

ಮೇಸ್ತ್ರಿಯ ಬಾಯಿಗೆ ಬೀಗವೇ ಇಲ್ಲ. ಗೂಳಿ ತಲೆ ತಗ್ಗಿಸಿದ್ದು ನಾಚಿಕೆಯಿಂದಲ್ಲ, ಎತ್ತಲು ಆಗುತ್ತಿರಲಿಲ್ಲ. ಮಂಜುಗಡ್ಡೆಗೆ ಕೊಕ್ಕೆ ಹಾಕಿ ಎಳೆದು, ಅದರ ಇನ್ನೊಂದು ತುದಿಯನ್ನು ಜೊತೆಯ ಹಮಾಲಿ, ಅಕ್ಕನ ಗಂಡ ಭಾವ ಎತ್ತಿಕೊಟ್ಟಾಗ, ಕತ್ತಿನ ಮೇಲೆ ಏರಿಸಿಕೊಂಡ. ತಣ್ಣೀರು ಕತ್ತಿಗೆ ಹೊದ್ದ ಗೋಣಿಚೀಲ ದಾಟಿ ಬೆನ್ನಿಗೆ ಇಳಿಯಿತು. ಮೊದಲ ಗಡ್ಡೆ ಹೊತ್ತಾಗ ಚಳಿ ಚುಚ್ಚುತ್ತದೆ. ನಾಲ್ಕಾರು ಗಡ್ಡೆ ಆದ ಮೇಲೆ ಕತ್ತೇ ಇಲ್ಲವೇನೋ ಅನ್ನಿಸುತ್ತದೆ. ಐಸು ಕಾರ್ಖಾನೆಯ ಹಮಾಲಿಗಳು ಬದುಕಿರುವುದೇ ಆ ಮರಗಟ್ಟುವಿಕೆಯ ಪುಣ್ಯದಿಂದ.

ಗೂಳಿ ಅನ್ನುವ ಹೆಸರು ಬಂದದ್ದು ಹರೆಯದಲ್ಲಿ. ಪಂಥ ಕಟ್ಟಿ, ಇಬ್ಬರು ಹೊರುವ ಗಡ್ಡೆಯನ್ನು ಒಬ್ಬನೇ ಹೊತ್ತವನು. ಈಗ ಹೆಸರು ಉಳಿದಿದೆ, ಕತ್ತು ಸವೆದಿದೆ. ಯಾರಾದರೂ ಕರೆದರೆ ಸೊಂಟದಿಂದಲೇ ತಿರುಗಬೇಕು. ಮೊನ್ನೆ ತೋಳಿನಲ್ಲಿ ಜೀವವೇ ಹೋದಂತಾಗಿ ಗಡ್ಡೆ ಜಾರಿ, ಭಾವನ ಪಾದದ ಪಕ್ಕದಲ್ಲೇ ಒಡೆದಿತ್ತು. "ಇನ್ನೊಂದು ಗೇಣು ಈಚೆ ಬಿದ್ದಿದ್ರೆ ನಿಮ್ಮಕ್ಕ ಕುಂಟನ ಹೆಂಡ್ತಿ ಆಗ್ತಿದ್ಲಲ್ಲೋ" ಎಂದು ಭಾವ ನಕ್ಕಿದ್ದ. ಗೂಳಿಗೆ ನಗು ಬರಲಿಲ್ಲ. ಇನ್ನೊಂದು ಸಲ ಜಾರಿದರೆ ಯಾರನ್ನಾದರೂ ಕೊಂದೇ ಬಿಡುತ್ತೇನೆ ಎಂದು ಹೆದರಿದ್ದ.

ಅದಕ್ಕೇ ಅವನ ಕಣ್ಣು ಸ್ಟೂಲಿನ ಮೇಲಿತ್ತು. ಐಸು ಪುಡಿ ಮಾಡುವ ಯಂತ್ರದ ಮುಂದೆ ಕೂತು ಗುಂಡಿ ಒತ್ತುವ ಕೆಲಸ, ಜಾಗ ಖಾಲಿ ಬಿದ್ದಿತ್ತು. ಹೋಗಿ ಕೇಳಿದ್ದಕ್ಕೆ ಧಣಿ ಹೇಳಿದ್ದ: "ವಿಮೆ ಡಾಕ್ಟರು ಬರ್ತಾರೆ. ಕತ್ತು ಎಷ್ಟು ಕೆಟ್ಟಿದೆ ಅಂತ ಮಾರ್ಕ್ಸ್ ಹಾಕ್ತಾರೆ. ನೂರಕ್ಕೆ ಐವತ್ತು ದಾಟಿದ್ರೆ ಸ್ಟೂಲು ನಿಂದೇ. ದಾಟ್ಲಿಲ್ವಾ, ಹೊರು. ಹೊರಕ್ಕಾಗಲ್ವಾ, ಗೇಟು ಅಲ್ಲಿದೆ."

ಕೆಲಸ ಮುಗಿದ ಮೇಲೆ ಕರೀರಿ ಎಂದು ಗೂಳಿ ಬೇಡಿಕೊಂಡಿದ್ದ. ಡಾಕ್ಟರು ಊಟದ ಹೊತ್ತಿಗೆ ಹೊರಡಬೇಕಂತೆ. ಹಾಗಾಗಿ ಗಡ್ಡೆ ಇಳಿಸಿದವನನ್ನು ಇಳಿಸಿದ ಹಾಗೇ ಆಫೀಸಿಗೆ ಕರೆದರು.

ಡಾಕ್ಟರು ಕಾಗದದಿಂದ ಕಣ್ಣೆತ್ತಲಿಲ್ಲ. ಮೇಸ್ತ್ರಿ ಬಾಗಿಲಿಗೆ ಒರಗಿ ನಿಂತ.

"ಈಗ, ಈ ಕ್ಷಣ, ಕತ್ತು ನೋವು ಎಷ್ಟಿದೆ?"

ಗೂಳಿ ಕತ್ತು ಮುಟ್ಟಿ ನೋಡಿಕೊಂಡ. ಬೇರೆ ಯಾರದ್ದೋ ಕತ್ತನ್ನು ಮುಟ್ಟಿದಂತಾಯಿತು. "ಈಗಿಲ್ಲ ಸಾರ್. ಐಸು ಹೊತ್ತು ಮರಗಟ್ಟಿದೆ. ಮೈ ಬಿಸಿ ಏರಿದ್ಮೇಲೆ ಬರತ್ತೆ ನೋಡಿ, ಅನ್ನ ಅಗಿಯೋಕೂ ಆಗಲ್ಲ."

"ಆಮೇಲಿಂದು ನಾನು ಕೇಳಿಲ್ಲ. ಈ ಕ್ಷಣ ಅಂತ ಇದೆ ಇಲ್ಲಿ." ಸೊನ್ನೆ ಬಿತ್ತು. "ಓದುವಾಗ ನೋಯತ್ತಾ?"

"ಓದೋಕೆ ಬರಲ್ಲ ಸಾರ್."

"ಅಂದ್ರೆ ಓದುವಾಗ ನೋವಿಲ್ಲ. ಕಾರು ಓಡಿಸುವಾಗ?"

ಮೇಸ್ತ್ರಿ ಕಿಸಕ್ಕನೆ ನಕ್ಕ. "ಇವನ ಕಾರು ರಿಪೇರಿಗೆ ಹೋಗಿದೆ ಸಾರ್." ಡಾಕ್ಟರೂ ಮುಗುಳ್ನಕ್ಕು ಇನ್ನೊಂದು ಸೊನ್ನೆ ಸುತ್ತಿದರು.

"ಭಾರ ಎತ್ತೋಕಾಗತ್ತಾ?"

"ಎತ್ತಲೇಬೇಕಲ್ಲ ಸಾರ್. ಎತ್ತದಿದ್ರೆ ಒಲೆ ಉರಿಯಲ್ಲ."

"ಎತ್ತುತ್ತೀಯ ತಾನೇ? ಈಗಷ್ಟೇ ಕಿಟಕಿಯಿಂದ ನಾನೇ ನೋಡಿದೆ."

ಅಂಗಿ ತೊಡಿಸಲು ಹೆಂಡತಿ ಬೇಕು ಎಂದಿದ್ದಕ್ಕೆ ಒಂದಿಷ್ಟು, ನಿದ್ದೆಯಿಲ್ಲ ಎಂದಿದ್ದಕ್ಕೆ ಒಂದಿಷ್ಟು ಸಿಕ್ಕಿತು. ಡಾಕ್ಟರು ಕೂಡಿಸಿದರು. "ನೂರಕ್ಕೆ ಹದಿನಾಲ್ಕು. ಅಂಥದ್ದೇನಿಲ್ಲ."

ಒಳಗಿನ ಕೋಣೆಯಿಂದ ಧಣಿ ಬಂದ. "ಹದಿನಾಲ್ಕಕ್ಕೆ ಇಷ್ಟು ನಾಟಕ ಆಡಿದ್ಯಲ್ಲೋ ಬೇವರ್ಸಿ! ಸುಳ್ಳು ನನ್ಮಗ. ನಡಿ, ಲಾರಿ ತುಂಬು. ಮುಂದಿನವನನ್ನ ಕರಿ."

ಸುಳ್ಳು ನನ್ಮಗ ಅಂದದ್ದು ಗೂಳಿಯ ಎದೆಗೆ ನಾಟಿತು. ಸುಳ್ಳು ಹೇಳಬಹುದಿತ್ತು, ಅಯ್ಯೋ ಅಮ್ಮಾ ಎಂದು ಬಿದ್ದು ಹೊರಳಾಡಿದ್ದರೆ ಇಷ್ಟೊತ್ತಿಗೆ ಸ್ಟೂಲಿನ ಮೇಲೆ ಕೂತಿರುತ್ತಿದ್ದ. ಅಂಗಳಕ್ಕೆ ಇಳಿದು, "ಏರಿಸು ಭಾವ" ಎಂದ. ಭಾವ ಮುಖ ನೋಡಿ ಏರಿಸಿದ.

ಗೂಳಿ ಲಾರಿಯ ಕಡೆ ಹೋಗಲಿಲ್ಲ. ಗಡ್ಡೆ ಹೊತ್ತೇ ಆಫೀಸಿನ ಮೆಟ್ಟಿಲು ಹತ್ತಿ, ಡಾಕ್ಟರ ಮೇಜಿನ ಮೇಲೆ, ಕಾಗದಗಳ ಮೇಲೆಯೇ ಧೊಪ್ಪನೆ ಇಳಿಸಿದ. ಡಾಕ್ಟರು ಕುರ್ಚಿ ಕೆಡವಿ ಎದ್ದರು.

"ಕೂತ್ಕೊಳ್ಳಿ ಸಾರ್," ಎಂದ ಗೂಳಿ, ದನಿ ಏರಿಸದೆ. "ಇದು ಕರಗೋತನಕ ಕೂತ್ಕೊಳ್ಳಿ. ಅಷ್ಟೊತ್ತಿಗೆ ನನ್ನ ಕತ್ತೂ ಕರಗತ್ತೆ. ಆಮೇಲೆ ಅದೇ ಪ್ರಶ್ನೆ ಕೇಳಿ."

ಹೊಸ್ತಿಲಿಗೆ ಅಡ್ಡವಾಗಿ ಕೂತುಬಿಟ್ಟ. ಮೇಸ್ತ್ರಿ ಬೆನ್ನಿಗೆ ಒದ್ದ. ಗೂಳಿ ಅಲುಗಲಿಲ್ಲ. ಎರಡನೇ ಸಲ ಕಾಲೆತ್ತುವಷ್ಟರಲ್ಲಿ ಹಿಂದಿನಿಂದ ಭಾವನ ಕೊಕ್ಕೆ ಮೇಸ್ತ್ರಿಯ ಅಂಗಿಯ ಕಾಲರಿಗೆ ಬಿತ್ತು. "ಕಾಲು ಇಳಿಸು ಮೇಸ್ತ್ರಿ. ಮುಂದಿನವನು ನಾನು. ನನ್ನ ಕತ್ತೂ ಮರಗಟ್ಟಿದೆ, ನಾನೂ ಕಾಯ್ತೀನಿ." ಭಾವ ಮೆಟ್ಟಿಲ ಮೇಲೆ ಕೂತ. ಉಳಿದವರೂ ಹೊತ್ತದ್ದನ್ನು ಬಿಸಿಲಿಗೆ ಇಳಿಸಿ ಅದರ ಪಕ್ಕದಲ್ಲೇ ಕೂತರು. ನಾಳೆ ಆ ಕುರ್ಚಿಯ ಮುಂದೆ ನಿಲ್ಲಬೇಕಾದವರು ತಾವೇ ಎಂದು ಎಲ್ಲರಿಗೂ ಗೊತ್ತಿತ್ತು.

"ಎತ್ರೋ! ನೀರಾಗ್ತಿದೆ, ಎತ್ರೋ ಮುಂಡೇಮಕ್ಳಾ!" ಧಣಿ ಅಂಗಳದ ತುಂಬ ಓಡಾಡಿದ. ಲಾರಿಗಳು ಹಾರ್ನ್ ಹೊಡೆದವು. ಅಂಗಳ ಒದ್ದೆಯಾಗುತ್ತ ಹೋಯಿತು.

ಮೊದಲು ಬೆನ್ನಿನ ಮೇಲ್ಭಾಗದಲ್ಲಿ ಜುಮುಜುಮು ಎಂದಿತು. ಆಮೇಲೆ ಕಿವಿಯ ಹಿಂದೆ. ನಂತರ ನೋವು ಎರಡೂ ತೋಳಿಗೆ ಇಳಿದು, ಮತ್ತೆ ನೆತ್ತಿಗೆ ಏರಿತು. ಗೂಳಿಯ ಕಣ್ಣಲ್ಲಿ ನೀರಾಡಿತು.

"ಬಂತೇನೋ?" ಎಂದ ಭಾವ.

"ಬಂತು ಭಾವ. ನಿಂಗೆ?"

"ನಂಗೂ."

ಎದ್ದು ಡಾಕ್ಟರ ಮುಖ ನೋಡಬೇಕೆಂದುಕೊಂಡ, ತಲೆ ಏಳಲಿಲ್ಲ. ಮೇಜಿನಿಂದ ನೆಲಕ್ಕಿಳಿದು ಹರಿಯುತ್ತಿದ್ದ ನೀರು, ಅದರ ನಡುವೆ ಹಿಂದೆ ಸರಿಯುತ್ತಿದ್ದ ಎರಡು ಬೂಟು, ಅಷ್ಟೇ ಕಾಣುತ್ತಿತ್ತು.

"ಕೇಳಿ ಸಾರ್," ಎಂದ, ಬೂಟುಗಳಿಗೆ. "ಈಗ ಕೇಳಿ."