ಮಡಿಲಕ್ಕಿಯಲ್ಲಿ ಬಂದ ಗೆಡ್ಡೆ

ನಾನು ಒಂದು ಹೂವಿನ ಗೆಡ್ಡೆ. ಜನ ಫುಟ್‌ಬಾಲ್ ಲಿಲ್ಲಿ ಅನ್ನುತ್ತಾರೆ. ನೋಡಲು ಈರುಳ್ಳಿಯ ಬಡ ನೆಂಟನಂತಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಆದರೆ ಬೇಸಿಗೆಯ ಮೊದಲ ಮಳೆ ಬೀಳಲಿ, ಎಲೆ ಚಿಗುರುವುದಕ್ಕೂ ಕಾಯದೆ ಅಂಗಳದಲ್ಲಿ ಎಲ್ಲರಿಗಿಂತ ಮೊದಲು ಕೆಂಪು ಚೆಂಡು ಎತ್ತಿ ನಿಲ್ಲುವುದು ನಾನೇ! ಗೊಬ್ಬರ ಬೇಡ, ಔಷಧಿ ಬೇಡ. ಚಳಿಗಾಲದಲ್ಲಿ ಎಲೆ ಒಣಗಿಸಿಕೊಂಡು ಮಲಗಿದಾಗ ನನ್ನ ತಂಟೆಗೆ ಬಾರದಿದ್ದರೆ ಸಾಕು.

ಹುಟ್ಟಿದ್ದು ತರೀಕೆರೆಯಲ್ಲಿ, ತಾಯಿಗೆಡ್ಡೆಯ ಪಕ್ಕೆಗೆ ಅಂಟಿಕೊಂಡು. ಆ ಮನೆಯ ಮಗಳು ಗಂಗಾಂಬಿಕೆ ಮದುವೆಯಾಗಿ ತಿಪಟೂರಿನ ಗಂಡನ ಮನೆಗೆ ಹೊರಟಾಗ ಅವಳ ತಾಯಿ ಮಡಿಲಕ್ಕಿಯ ಅಕ್ಕಿ, ಬೆಲ್ಲ, ಕೊಬ್ಬರಿಯ ಜೊತೆ ನನ್ನನ್ನೂ ಸೆರಗಿಗೆ ಹಾಕಿದಳು. ಅದೇ ವರ್ಷ ಆ ತಾಯಿ ತೀರಿಕೊಂಡಳು. ಅಂದಿನಿಂದ ನಾನು ಅರಳಿದಾಗಲೆಲ್ಲ ಗಂಗಾಂಬಿಕೆ ನನ್ನ ಕುಂಡದ ಮುಂದೆ ಕುಳಿತು, "ಬಂದ್ಯೇನವ್ವಾ?" ಎನ್ನುತ್ತಿದ್ದಳು. ನನಗೂ ಹೆಮ್ಮೆಯೇ, ಸುಳ್ಳು ಯಾಕೆ ಹೇಳಲಿ!

ಒಂದು ಚಳಿಗಾಲ ಅವಳು ಮಗಳು ಚೇತನಾಳ ಬಾಣಂತನಕ್ಕೆ ದಾವಣಗೆರೆಗೆ ಹೊರಟಳು.

"ರೀ, ಎಲ್ಲಾ ಗಿಡಕ್ಕೂ ನೀರು ಹಾಕಿ. ಈ ಕುಂಡಕ್ಕೆ ಮಾತ್ರ ಬೇಡ. ಅವ್ವ ಮಲಗವ್ಳೆ."

"ಆಗ್ಲಿ ಮಾರಾಯ್ತಿ, ಹೋಗ್ಬಾ," ಎಂದ ಗಂಡ ಮರುಳಸಿದ್ದಪ್ಪ.

ಪಾಪ, ಒಳ್ಳೆಯ ಮನುಷ್ಯ. ಕೆಲವು ವಾರ ಮಾತು ಉಳಿಸಿಕೊಂಡ. ಆಮೇಲೆ ಬೋಳು ಕುಂಡ ಕಂಡು ಗಾಬರಿಯಾದ. "ಅಯ್ಯಯ್ಯೋ, ನೀರಿಲ್ದೆ ಸಾಯಿಸ್ಬಿಟ್ನಲ್ಲ!" ಎಂದು ದಿನಾ ಚೊಂಬುಗಟ್ಟಲೆ ಸುರಿದ. ನನ್ನ ಮೈ ಕೊಳೆಯತೊಡಗಿತು. ಅಗೆದು ನೋಡಿ, ನಾರುತ್ತಿದ್ದ ನನ್ನನ್ನು ಹಿತ್ತಿಲ ಕಸದ ಗುಡ್ಡೆಗೆ ಎಸೆದ. ಕುಂಡದಲ್ಲಿ ಗುಲಾಬಿ ನೆಟ್ಟ. ಹಿತ್ತಿಲ ಬಿಸಿಲೇ ನನ್ನ ಕೊಳೆತ ಸಿಪ್ಪೆ ಒಣಗಿಸಿ ಜೀವ ಉಳಿಸಿತು.

ಗಂಗಾಂಬಿಕೆ ಮಗಳನ್ನೂ ಕೂಸನ್ನೂ ಕರೆದುಕೊಂಡು ಬಂದವಳು ಸೀದಾ ಕುಂಡದ ಬಳಿಗೆ ಹೋದಳಂತೆ.

"ನಮ್ಮವ್ವ ಎಲ್ರೀ?"

"ಕೊಳೆತ್ಹೋಯ್ತು ಕಣೇ. ನಾನೇ ಎಸ್ದುಬಿಟ್ಟೆ."

ಅವಳ ಅಳು ಹಿತ್ತಿಲವರೆಗೂ ಕೇಳಿಸಿತು. "ನಂಗೆ ತವರು ಅಂತ ಉಳಿದಿದ್ದು ಅದೊಂದೇ ಕಣ್ರೀ." ಆಮೇಲೆ ಗಂಡನೊಡನೆ ಮಾತೇ ಬಿಟ್ಟಳು. ಇಲ್ಲೇ ಇದ್ದೇನೆ ಎಂದು ಕೂಗಬೇಕು ಅನ್ನಿಸಿತು. ಆದರೆ ಮಳೆ ಬಾರದೆ ನಾನೇನು ಮಾಡಲಿ?

ಮಳೆ ಬಂತು. ಕೊಳೆತು ಅರ್ಧವಾಗಿದ್ದೆ, ಆದರೇನು, ಉಳಿದರ್ಧ ನಾನೇ ತಾನೆ? ಕಸ ಸೀಳಿ ದಂಟು ಎತ್ತಿದೆ. ಒಂದು ಬೆಳಗ್ಗೆ ತರಗು ಸುರಿಯಲು ಬಂದ ಮರುಳಸಿದ್ದಪ್ಪ ಬುಟ್ಟಿ ಕೈಬಿಟ್ಟು ಕೂಗಿದ:

"ಲೇ ಗಂಗಾ! ಓಡ್ಬಾರೇ! ಅತ್ತೆ ಬಂದವ್ರೆ!"

ಅವಳು ಕಸದಲ್ಲೇ ಕುಕ್ಕರಿಸಿದಳು. ಅಳುತ್ತ ನಗುತ್ತ, "ಬಂದ್ಯೇನವ್ವಾ?" ಎಂದಳು. ಆಮೇಲೆ ಗಂಡನ ಕಡೆ ತಿರುಗಿ, "ನಿಂತ್ಕೊಂಡು ನೋಡ್ತೀರಲ್ಲ, ಮಣ್ಣು ತನ್ನಿ!" ಎಂದು ಗದರಿದಳು. ಅವನ ಮುಖ ಅರಳಿದ್ದು ನೋಡಬೇಕಿತ್ತು!

ಈಗ ನಾನು ಮುದಿಗೆಡ್ಡೆ. ಹಿತ್ತಿಲ ಗೋಡೆಯ ಒಣ ಮೂಲೆಯಲ್ಲಿ ಮರಿಗಳ ಜೊತೆ ಹಾಯಾಗಿದ್ದೇನೆ. ಮೊನ್ನೆ ಹಬ್ಬಕ್ಕೆ ಬಂದಿದ್ದ ಚೇತನಾ ಗಂಡನ ಮನೆಗೆ ಹೊರಟಾಗ ಅವಳ ಮಡಿಲಕ್ಕಿಗೆ ನನ್ನ ಮರಿಯೊಂದನ್ನು ಹಾಕಿದರು. ಮರುಳಸಿದ್ದಪ್ಪ ಬಾಗಿಲವರೆಗೂ ಹಿಂದೆಯೇ ಹೋದ.

"ಎಲೆ ಒಣಗ್ತು ಅಂತ ಹೆದರ್ಬೇಡ ಮಗಾ. ನಿಮ್ಮಜ್ಜಿ ಮಲಗವ್ಳೆ ಅಷ್ಟೇ. ಮಳೆ ಬಂದ್ರೆ ಏಳ್ತಾಳೆ."