ಹದಿನೆಂಟು ಇಲಿಗಳ ಕಾರಹುಣ್ಣಿಮೆ

ಅರ್ಚನಾಳ ಎದೆ ಧಸಕ್ಕೆಂದಿತು. ಹದಿನೆಂಟು ಬಿಳಿ ಇಲಿಗಳೂ ಒಂದೇ ಟಬ್ಬಿನಲ್ಲಿ ಒದ್ದೆಮುದ್ದೆಯಾಗಿ ಕೂತಿವೆ, ಒಂದರ ಬಾಲದ ಮೇಲೂ ಗುರುತಿನ ಗೆರೆಯಿಲ್ಲ!

“ಇವತ್ತು ಕಾರಹುಣ್ಣಿವಿ ಅಲ್ರಿ ಮೇಡಂ,” ಎಂದಳು ಇಲಿಮನೆ ನೋಡಿಕೊಳ್ಳುವ ಎರ್ರೆಮ್ಮ. “ಊರಾಗ ಎತ್ತಿನ ಮೈ ತೊಳೀತಾರ. ನನ್ನ ಕೈಯಾಗಿರೋ ಜೀವ ಇವ. ಸೀಗಿಪುಡಿ ಹಚ್ಚಿ ತಿಕ್ಕೀನಿ.”

ಹರಪನಹಳ್ಳಿಯ ಆ ಫಾರ್ಮಸಿ ಕಾಲೇಜಿನಲ್ಲಿ ಅರ್ಚನಾಳ ಎರಡು ವರ್ಷದ ಓದು ನಿಂತಿದ್ದೇ ಆ ಗೆರೆಗಳ ಮೇಲೆ. ಎರಡು ವಾರದಿಂದ ಆರು ಇಲಿಗೆ ಬರೀ ಉಪ್ಪುನೀರು. ಆರಕ್ಕೆ ಅಟೆನೊಲಾಲ್, ಅದು ಎದೆಬಡಿತ ತಗ್ಗಿಸುತ್ತದೆ, ಮಿದುಳಿಗೆ ಹೋಗುವುದು ತೀರಾ ಕಡಿಮೆ. ಇನ್ನಾರಕ್ಕೆ ಪ್ರೊಪ್ರನೊಲಾಲ್, ಅದು ಮಿದುಳನ್ನೂ ಹೊಗುತ್ತದೆ. ಅಂಜಿಕೆ ಇರುವುದು ಎದೆಯಲ್ಲೋ ತಲೆಯಲ್ಲೋ ಎಂಬುದೇ ಅವಳ ಪ್ರಶ್ನೆ. ಗೋಡೆಯಿಲ್ಲದ ಎತ್ತರದ ಹಲಗೆಯ ಮೇಲೆ ಯಾವ ಇಲಿ ಧೈರ್ಯವಾಗಿ ನಡೆಯುತ್ತದೆಂದು ನಾಳೆ ಅಳೆಯಬೇಕಿತ್ತು. ಈಗ ಯಾವುದು ಯಾವುದೋ ದೇವರೇ ಬಲ್ಲ. ಆಗಸ್ಟ್‌ನೊಳಗೆ ಥೀಸಿಸ್ ಕೊಡದಿದ್ದರೆ ಕೈಗೆ ಬಂದ ಪಿಎಚ್‌ಡಿ ಸೀಟು ಹೋದಂತೆಯೇ.

ವಿಷಯ ತಿಳಿದು ಎರ್ರೆಮ್ಮ ಪೆಚ್ಚಾದಳು. ಆಮೇಲೆ ಒಂದೊಂದೇ ಇಲಿಯನ್ನು ಅಂಗೈಯಲ್ಲಿಟ್ಟು, ಹೆಬ್ಬೆರಳಿನಿಂದ ಎದೆ ಮುಟ್ಟಿ, ನೆಲಕ್ಕೆ ಬಿಟ್ಟು ಅದರ ನಡೆ ನೋಡಿ, ಮೂರು ಪಂಜರಕ್ಕೆ ಹಂಚಿದಳು.

“ಈ ಆರರ ಎದಿ ಡವಡವ ಅಂತೈತಿ. ಇವುಗಳ ಎದಿ ಮೆತ್ತಗೈತಿ, ಆದ್ರ ಅಂಜಿ ಮೂಲಿ ಸೇರ್ತಾವ. ಇವು ನೋಡ್ರಿ, ಎದಿನೂ ಮೆತ್ತಗ, ಅಂಜಿಕಿನೂ ಇಲ್ಲ.”

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ಬರಿಗೈಯಲ್ಲಿ ಹೇಳಿಬಿಟ್ಟಳಲ್ಲ! ಎಂಥ ಕೈ, ಎಂಥ ಕಣ್ಣು! ಬದುಕಿದೆ ಎಂದುಕೊಂಡು ಅರ್ಚನಾ ಗೆರೆ ಎಳೆಯಲು ಮಾರ್ಕರ್ ಪೆನ್ನು ತೆಗೆದಳು. ಎರ್ರೆಮ್ಮ ಅವಳ ಕೈ ಹಿಡಿದಳು.

“ಬ್ಯಾಡ್ರಿ ಮೇಡಂ. ನಾ ಅಂಜಿಕಿ ನೋಡೇ ಆರಿಸೀನಿ. ನಾಳಿ ಅದ ಅಂಜಿಕಿ ಅಳದ್ರ ನಾ ಹೇಳಿದ್ದ ಬರತೈತಿ. ಔಷಧ ಏನು ಮಾಡ್ತು ಅಂತ ಇಲಿ ಹೇಳಬೇಕೋ, ನಾ ಹೇಳಬೇಕೋ?”

ಅರ್ಚನಾಳಿಗೆ ನಾಚಿಕೆಯಾಯಿತು. ಸಂಶೋಧನೆ ಹೇಗೆ ಮಾಡಬೇಕೆಂದು ಎರಡು ವರ್ಷ ಓದಿದವಳು ತಾನು, ಅದನ್ನು ತಿಳಿದವಳು ಇವಳು. ಪೆನ್ನಿನ ಮುಚ್ಚಳ ಹಾಕಿ, ನಡೆದದ್ದನ್ನೆಲ್ಲ ಗೈಡ್ ಕೊಟ್ರಸ್ವಾಮಿಯವರಿಗೆ ಹೇಳಿದಳು. “ಸಾಹೇಬ್ರ, ತೊಳದಾಕಿ ನಾನ,” ಎಂದು ಎರ್ರೆಮ್ಮನೂ ಜೊತೆಗೆ ನಿಂತಳು.

ಪ್ರಯೋಗ ಮೊದಲಿನಿಂದ ಶುರುವಾಗಿ, ಆಗಸ್ಟ್ ದಾಟಿ, ಸೀಟು ಹೋಯಿತು. ಹೊಸ ಹದಿನೆಂಟು ಇಲಿ ಬಂದವು. ಯಾವುದಕ್ಕೆ ಯಾವ ಔಷಧವೆಂಬ ಚೀಟಿ ಗೈಡ್‌ರ ಬೀರುವಿನಲ್ಲೇ ಉಳಿಯಿತು. ಅಳತೆಯೆಲ್ಲ ಮುಗಿದ ಮೇಲೆ ತೆರೆದು ನೋಡಿದರೆ, ಹಲಗೆಯ ಮೇಲೆ ಧೈರ್ಯವಾಗಿ ನಡೆದ ಆರರಲ್ಲಿ ಐದಕ್ಕೆ ಪ್ರೊಪ್ರನೊಲಾಲ್ ಬಿದ್ದಿತ್ತು. ಅಟೆನೊಲಾಲ್‌ನವು ಮೂಲೆ ಬಿಟ್ಟು ಬಂದದ್ದೇ ಅಪರೂಪ.

ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದರು, “ಅರ್ಧ ಆದ ಪ್ರಯೋಗ ಬಿಸಾಕಿ ಮತ್ತೆ ಶುರು ಮಾಡೋಕೆ ಹೇಳಿದ್ದು ಯಾರಮ್ಮ?”

“ಎರ್ರೆಮ್ಮ ಅಂತ, ಸರ್.”

“ಯಾವ ಡಿಪಾರ್ಟ್‌ಮೆಂಟಿನ ಪ್ರೊಫೆಸರು?”

ಅರ್ಚನಾ ಎದ್ದು ಹೋಗಿ, ಇಲಿಮನೆಯಲ್ಲಿ ಪಂಜರ ತೊಳೆಯುತ್ತಿದ್ದ ಎರ್ರೆಮ್ಮನನ್ನು ಒದ್ದೆ ಕೈಯಲ್ಲೇ ಕರೆತಂದು, ತಾನು ಕೂತಿದ್ದ ಕುರ್ಚಿಯಲ್ಲಿ ಕೂರಿಸಿದಳು.